ಆಟದೊಳಗಿನ ಗುರುತಿನ ಮಾತು
ಬೋಡಕ್‌ದೇವ್‌ನ ನಮ್ಮ ಮನೆಗಳಲ್ಲಿ ಮಕ್ಕಳು ಈಗ ಮೊಬೈಲಿನಲ್ಲಿ ಆಡುವ ‘ಫೈನಲ್ ಫ್ಯಾಂಟಸಿ ೨’ ಜಪಾನಿನಲ್ಲಿ ಹುಟ್ಟಿದ್ದು ೧೯೮೮ರಲ್ಲಿ. ಕತ್ತಿ, ಮಂತ್ರಗಳ ಕಥೆಯಾದರೂ ೧೯೭೭ರ ಬಾಹ್ಯಾಕಾಶ ಚಿತ್ರ ‘ಸ್ಟಾರ್ ವಾರ್ಸ್’ನ ಛಾಯೆ ಅದರಲ್ಲಿ ಸ್ಪಷ್ಟ: ದುಷ್ಟ ಸಾಮ್ರಾಜ್ಯ, ಬಂಡಾಯದ ಮುಂದಾಳಾದ ರಾಜಕುಮಾರಿ, ಒಳಹೊಕ್ಕು ನಾಶಪಡಿಸಬೇಕಾದ ದೈತ್ಯ ಹಾರುನೌಕೆ.

ನಾಯಕರು ಸಾಮ್ರಾಜ್ಯದ ದಾಳಿಗೆ ಮನೆಮಠ ಕಳೆದುಕೊಂಡ ತರುಣರು. ಜನರಿಂದ ಮಾತು ಕಲಿತು, ನೆನಪಿಟ್ಟು, ತಕ್ಕವರ ಮುಂದೆ ಆಡಿದರೆ ಕಥೆ ಮುಂದುವರಿಯುತ್ತದೆ. ‘ಕಾಡುಗುಲಾಬಿ’ ಎಂಬುದು ಬಂಡಾಯಗಾರರ ಗುರುತಿನ ಮಾತು.

ಇಂಗ್ಲಿಷಿನಲ್ಲಿ ಈ ಆಟ ಅಧಿಕೃತವಾಗಿ ಬಂದದ್ದು ೨೦೦೩ರಲ್ಲಿ, ಕನ್ನಡದಲ್ಲಿ ಬಂದಿಲ್ಲ. ಹೊರಗೆ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಕ್ಕಳ ಪಕ್ಕದಲ್ಲಿ ಕುಳಿತು, ಆ ಕಥೆಯನ್ನು ಅವರಿಂದ ಕನ್ನಡದಲ್ಲೇ ಹೇಳಿಸಿ ಕೇಳೋಣ. ಊರು ಬಿಟ್ಟು ಬಂದ ನಮಗೂ ಒಂದು ಗುರುತಿನ ಮಾತು ಬೇಕಲ್ಲವೇ?