ಹೆಸರು ಜಪ್ತಿಯಾಯಿತು, ರುಚಿ ಆಗಲಿಲ್ಲ

ಪುಣೆಯ ನಮ್ಮ ಮನೆಯ ಪುಸ್ತಕದ ಕಪಾಟಿನಲ್ಲಿ ಕೆಳಗಿನ ಒಂದು ಖಾನೆ ಬಾಟಲಿಗಳದ್ದು. ಒಟ್ಟು ಒಂಬತ್ತು, ಎಲ್ಲವೂ ಗಿಡಮೂಲಿಕೆಗಳಿಂದ ಮಾಡಿದ ಯೂರೋಪಿನ ಲಿಕ್ಯೂರ್‌ಗಳು, ಅಂದರೆ ಸಿಹಿಮದ್ಯಗಳು. ಊರಿಂದ ಬಂದ ಅಮ್ಮ ಒಂದರ ಮುಚ್ಚಳ ತೆಗೆದು ಮೂಸಿ, "ಇದೇನೋ, ಅರಿಷ್ಟದ ವಾಸನೆ ಬರುತ್ತೆ" ಎಂದಿದ್ದರು. ಅಮ್ಮನ ಮೂಗು ತಪ್ಪಲಿಲ್ಲ. ಇವುಗಳಲ್ಲಿ ಹಲವು ಹುಟ್ಟಿದ್ದು ಔಷಧವಾಗಿಯೇ.

ಈ ಹುಚ್ಚು ಹಿಡಿದದ್ದು ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ. ಅಲ್ಲಿನ ಒಂದು ಕಂಪನಿಯ ಹಳೆಯ ಸಾಫ್ಟ್‌ವೇರ್‌ನ ನಿರ್ವಹಣೆ ಪುಣೆಗೆ ಬರುತ್ತಿತ್ತು. ಅವರ ತಲೆಯಲ್ಲಿದ್ದದ್ದನ್ನು ಕಾಗದಕ್ಕಿಳಿಸಿ ತರುವುದು ನನ್ನ ಕೆಲಸ. ಆರು ವಾರ ನನಗೆ ಪಾಠ ಹೇಳಿದ ಹಿರಿಯ ಎಂಜಿನಿಯರಿಗೆ ಆ ತಿಂಗಳ ಕೊನೆಗೆ ಕೆಲಸ ಹೋಗುವುದಿತ್ತು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತಿರಲಿಲ್ಲ. ಕೊನೆಯ ಸಂಜೆ ಅವರು ಮನೆಗೆ ಕರೆದು, ಊಟವಾದ ಮೇಲೆ ತಂದೆಯ ಕಾಲದ ಬಾಟಲಿಯೊಂದನ್ನು ಹೊರತೆಗೆದರು. ಹಳದಿ ಶಾರ್ತ್ರೂಸ್. "ನಮ್ಮ ಬೆಟ್ಟದ ಮಠದ್ದು" ಎಂದರು. ಲೇಬಲ್ಲಿನ ಮೇಲೆ ಮಾತ್ರ ಸ್ಪೇನಿನ ತಾರಾಗೋನಾದ ಹೆಸರಿತ್ತು. ಅದು ಹೇಗೆಂದು ಕೇಳಿದೆ. ಅವರು ಹೇಳಿ ಮುಗಿಸುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು. ಉಳಿದದ್ದನ್ನು ಆಮೇಲೆ ಓದಿ ತಿಳಿದುಕೊಂಡೆ.

ಗ್ರೆನೋಬ್ಲ್‌ನ ಉತ್ತರದ ಬೆಟ್ಟಗಳಲ್ಲಿ ಸಂತ ಬ್ರೂನೋ 1084ರಲ್ಲಿ ನೆಲೆಯೂರಿದ ಜಾಗದಿಂದ ಬೆಳೆದದ್ದು ಕಾರ್ಥೂಸಿಯನ್ ಸನ್ಯಾಸಿಗಳ ಮೂಲಮಠ, ಗ್ರಾಂದ್ ಶಾರ್ತ್ರೂಸ್. 1605ರಲ್ಲಿ ದೆಸ್ತ್ರೆ ಎಂಬ ಸೇನಾಧಿಕಾರಿ ಈ ಪಂಥದ ಪ್ಯಾರಿಸ್ ಮಠಕ್ಕೆ ಒಂದು ಹಸ್ತಪ್ರತಿ ಕೊಟ್ಟರು. ಅದರಲ್ಲಿದ್ದದ್ದು ದೀರ್ಘಾಯುಷ್ಯದ ಮದ್ದು ಮಾಡುವ ವಿಧಾನ. ಅಷ್ಟು ಜಟಿಲವಾದದ್ದನ್ನು ಪೂರ್ತಿ ಬಿಡಿಸಲು ಯಾರಿಗೂ ಆಗಲಿಲ್ಲ. 1737ರಲ್ಲಿ ಅದು ಮೂಲಮಠಕ್ಕೆ ಬಂದು, ಅಲ್ಲಿನ ಔಷಧಾಲಯದ ಜೆರೋಮ್ ಮೊಬೆಕ್ ಅದರ ಬೆನ್ನು ಹತ್ತಿದರು. ಮದ್ದು ಒಂದು ಹದಕ್ಕೆ ಬಂದದ್ದು 1764ರಲ್ಲಿ. ಬರೆದಿಟ್ಟದ್ದು ಕೈಗೆ ಹತ್ತಲು 159 ವರ್ಷ! ಸಕ್ಕರೆ ತುಂಡಿನ ಮೇಲೆ ಹನಿ ಹಾಕಿಕೊಂಡು ಸೇವಿಸುವ ಆ ಮದ್ದು ಇಂದಿಗೂ ಮರದ ಡಬ್ಬಿಯೊಳಗಿನ ಪುಟ್ಟ ಶೀಷೆಯಲ್ಲಿ ಸಿಗುತ್ತದೆ. ಹಸಿರು, ಹಳದಿ ಲಿಕ್ಯೂರ್‌ಗಳು 1840ರ ಹೊತ್ತಿನವು.

ಫ್ರೆಂಚ್ ಕ್ರಾಂತಿಯಲ್ಲಿ ಸನ್ಯಾಸಿಗಳು ಚದುರಿಹೋದರು. ವಿಧಾನ ಕೈಯಿಂದ ಕೈಗೆ ದಾಟಿ ಗ್ರೆನೋಬ್ಲ್‌ನ ಔಷಧ ವ್ಯಾಪಾರಿ ಲಿಯೋತಾರ್ ಬಳಿ ಸೇರಿತು. ಗುಪ್ತ ಔಷಧಗಳ ವಿವರವನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು 1810ರಲ್ಲಿ ನೆಪೋಲಿಯನ್ ಆಜ್ಞೆ ಮಾಡಿದಾಗ ಲಿಯೋತಾರ್ ಕಳಿಸಿಕೊಟ್ಟರು. ಅಧಿಕಾರಿಗಳು "ತಿರಸ್ಕೃತ" ಎಂದು ಬರೆದು ವಾಪಸು ಮಾಡಿದರು. ಸರ್ಕಾರಿ ಕಚೇರಿಯ ಅಸಡ್ಡೆಯಿಂದ ಇಷ್ಟು ಒಳ್ಳೆಯದಾದದ್ದು ಅಪರೂಪ.

ದೊಡ್ಡ ಪೆಟ್ಟು ಬಿದ್ದದ್ದು 1903ರಲ್ಲಿ. ಧಾರ್ಮಿಕ ಪಂಥಗಳನ್ನು ಹತ್ತಿಕ್ಕುವ ಕಾನೂನಿನಡಿ ಸರ್ಕಾರ ಸೈನಿಕರನ್ನು ಕಳಿಸಿ ಸನ್ಯಾಸಿಗಳನ್ನು ಹೊರಹಾಕಿತು. ಭಟ್ಟಿ ಮನೆಯೂ "ಶಾರ್ತ್ರೂಸ್" ಎಂಬ ಟ್ರೇಡ್‌ಮಾರ್ಕೂ ಮಾರಾಟವಾಗಿ ಒಂದು ಖಾಸಗಿ ಕಂಪನಿಯ ಪಾಲಾದವು. ವಿಧಾನ ಮಾತ್ರ ಸನ್ಯಾಸಿಗಳ ಜೊತೆ ತಾರಾಗೋನಾಕ್ಕೆ ಹೋಯಿತು. ಸ್ವಂತ ನಾಡಿನಲ್ಲಿ ಸ್ವಂತ ಹೆಸರು ಬಳಸುವಂತಿರಲಿಲ್ಲ. ಹಾಗಾಗಿ ಲೇಬಲ್ ಮೇಲೆ "ತಾರಾಗೋನಾದಲ್ಲಿ ಕಾರ್ಥೂಸಿಯನ್ ಫಾದರ್‌ಗಳು ತಯಾರಿಸಿದ ಲಿಕ್ಯೂರ್" ಎಂದು ಅಚ್ಚಾಯಿತು. ಮೊಕದ್ದಮೆಗಳು ಲಂಡನ್ನಿಗೂ ಅಮೆರಿಕಕ್ಕೂ ಹೋದವು. ಫ್ರಾನ್ಸಿನ ಜಪ್ತಿ ಫ್ರಾನ್ಸಿನಾಚೆ ನಡೆಯದು, ನಮ್ಮಲ್ಲಿ ಈ ಹೆಸರು ಸನ್ಯಾಸಿಗಳದ್ದೇ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1911ರಲ್ಲಿ ತೀರ್ಪು ಕೊಟ್ಟಿತು. ಹೆಸರು ಹಿಡಿದುಕೊಂಡಿದ್ದ ಕಂಪನಿಗೆ ಆ ರುಚಿ ಬರಲೇ ಇಲ್ಲ; 1929ರಲ್ಲಿ ಅದು ದಿವಾಳಿಯಾಯಿತು. ಸ್ಥಳೀಯ ವರ್ತಕರು ಷೇರುಗಳನ್ನು ಕೊಂಡು ಸನ್ಯಾಸಿಗಳಿಗೆ ಮರಳಿಸಿದರು. 1935ರಲ್ಲಿ ಹಳೆಯ ಭಟ್ಟಿ ಮನೆ ಭೂಕುಸಿತದಲ್ಲಿ ನಾಶವಾಗಿ, ಕೆಲಸ ವಾರೋಂ ಪಟ್ಟಣಕ್ಕೆ ಬಂತು. ತಾರಾಗೋನಾದ ಭಟ್ಟಿ ಆರಿದ್ದು 1989ರಲ್ಲಿ.

ಬೇರೆ ಮದ್ಯಗಳು ಬಾಟಲಿ ಸೇರಿದ ಮೇಲೆ ಹೆಚ್ಚು ಬದಲಾಗುವುದಿಲ್ಲ, ಶಾರ್ತ್ರೂಸ್ ಬದಲಾಗುತ್ತದೆ. ಹೊಸ ಹಳದಿಯಲ್ಲಿ ಮೊದಲು ತಾಗುವುದು ಮದ್ಯದ ಕಾವು, ಆಮೇಲೆ ಜೇನು. ಅಂದು ಕುಡಿದ ಹಳೆಯದರಲ್ಲಿ ಕಾವು ಅಡಗಿ, ಜೇನು, ಸೋಂಪು, ಕೇಸರಿ, ಒಣಗಿದ ಹುಲ್ಲು ಒಂದೊಂದಾಗಿ ಬಂದವು. ಬಾಟಲಿಯನ್ನು ಮಲಗಿಸದೆ ನಿಲ್ಲಿಸಿಡಬೇಕು, ಇಲ್ಲವಾದರೆ ಬಿರಡೆ ಕೆಡುತ್ತದೆ ಎಂದು ಕಲಿತದ್ದೂ ಅಂದೇ. ಈಗಿನ ಬಾಟಲಿಗಳ ವಯಸ್ಸು ತಿಳಿಯಲು ಲಾಟ್ ಸಂಖ್ಯೆಯ ಮೊದಲ ಮೂರು ಅಂಕಿಗಳಿಗೆ 1084 ಕೂಡಿಸಬೇಕು. 933 ಇದ್ದರೆ 2017. ಮಠ ಹುಟ್ಟಿದ ವರ್ಷವೇ ಅವರಿಗೆ ಸೊನ್ನೆ.

ಪುಣೆಗೆ ಬಂದ ನನ್ನ ಬಳಿ 400 ಪುಟಗಳ ದಾಖಲೆ ಇತ್ತು. ವರ್ಷದ ಕೊನೆಯ ಲೆಕ್ಕಕ್ಕೆ ಸಾಫ್ಟ್‌ವೇರ್ ಕೈಕೊಟ್ಟಿತು. ಏನು ಮಾಡಬೇಕೆಂಬುದೆಲ್ಲ ಅದರಲ್ಲಿತ್ತು, ಏಕೆ ಎಂಬುದು ಒಂದು ಕಡೆಯೂ ಇರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ರಾತ್ರಿ ನಾಚಿಕೆ ಬಿಟ್ಟು ಅವರಿಗೇ ಫೋನ್ ಮಾಡಿದೆ. ಉತ್ತರಿಸುವ ಯಾವ ಹಂಗೂ ಅವರಿಗಿರಲಿಲ್ಲ. ಎರಡು ಗಂಟೆ ಕೂತು ಬಿಡಿಸಿ ಹೇಳಿದರು. ಕೊನೆಗೆ, "ಈಗ ತಾರಾಗೋನಾ ಯಾವುದು, ನಿಮ್ಮ ಊರೋ ನಮ್ಮ ಮನೆಯೋ?" ಎಂದು ನಕ್ಕರು. ನಾನು ನಗಲಿಲ್ಲ.

ಇಂದಿಗೂ ಸುಮಾರು 130 ಗಿಡಮೂಲಿಕೆಗಳ ಆ ವಿಧಾನ ಪೂರ್ತಿ ಗೊತ್ತಿರುವುದು ಇಬ್ಬರು ಸನ್ಯಾಸಿಗಳಿಗೆ ಎನ್ನುತ್ತಾರೆ. ಬೇಡಿಕೆ ಏರಿದರೂ ಇನ್ನು ತಯಾರಿಕೆ ಹೆಚ್ಚಿಸುವುದಿಲ್ಲ, ಪ್ರಾರ್ಥನೆಗೆ ಸಮಯ ಬೇಕು ಎಂದು ಅವರು 2019ರಲ್ಲಿ ತೀರ್ಮಾನಿಸಿದರು. ನಮ್ಮ ಉದ್ಯಮದಲ್ಲಿ ಇಂಥ ತೀರ್ಮಾನ ನಾನು ಕಂಡಿಲ್ಲ. ಈಗ ಹೊಸ ಯೋಜನೆ ಕೈಗೆ ಬಂದಾಗ, ಬಿಟ್ಟು ಹೋಗುವವರ ಪಕ್ಕ ಕೂತು ನಾನು ಮೊದಲು ಕೇಳುವುದು "ಇದನ್ನು ಹೀಗೇಕೆ ಮಾಡಿದಿರಿ?" ಎಂದು. ಬರೆದುಕೊಳ್ಳುವುದು ಆಮೇಲೆ.