ಕಡಲು ದಾಟಿದವರ ಜಾತಿ ಲೆಕ್ಕ

ಪರದೇಶಕ್ಕೆ ಓದಲು ಹೋದವರ ಕತೆ ಅಂದರೆ ನಮ್ಮಲ್ಲಿ ಒಂದು ಸಿದ್ಧ ಮಾದರಿ ಇದೆ. ಹಡಗು, ಚಳಿ, ಅನ್ನ-ಸಾರು ಸಿಗದ ಪಾಡು, ಪದವಿ, ಊರಿಗೆ ಬಂದಾಗ ಹಾರ-ತುರಾಯಿ. ಈ ಮಾದರಿಯಲ್ಲಿ ಜಾತಿ ಕಣ್ಣಿಗೆ ಬೀಳೋದಿಲ್ಲ. ಹೋಗುವಾಗ ಯಾರ ಜಾತಿಗೆ ಏನಾಯಿತು, ಬರುವಾಗ ಏನಾಯಿತು ಅನ್ನುವ ಲೆಕ್ಕ ಇಟ್ಟುಕೊಂಡು ಓದಿದರೆ ಈ ಕತೆಗಳ ಬಣ್ಣವೇ ಬೇರೆಯಾಗುತ್ತದೆ. ಇಬ್ಬರು ವಿದ್ಯಾರ್ಥಿಗಳನ್ನು ಎದುರುಬದುರು ಇಟ್ಟು ಆ ಲೆಕ್ಕ ಹಾಕೋಣ.

1888ರಲ್ಲಿ ಗಾಂಧಿ ಬ್ಯಾರಿಸ್ಟರಿ ಓದಲು ಲಂಡನ್ನಿಗೆ ಹೊರಟರು. ಅವರ ಮೋಢ ಬನಿಯಾ ಜಾತಿಯ ಮುಖಂಡರು ಮುಂಬಯಿಯಲ್ಲಿ ಸಭೆ ಸೇರಿ ಅವರನ್ನು ಜಾತಿಯಿಂದ ಹೊರಗಿಟ್ಟರು. ಬೀಳ್ಕೊಡಲು ಬಂದರಿಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ಕಡಲು ದಾಟಿದರೆ ಜಾತಿ ಕೆಡುತ್ತದಲ್ಲ! 1891ರಲ್ಲಿ ವಾಪಸು ಬಂದಾಗ ಅಣ್ಣ ಅವರನ್ನು ನಾಸಿಕ್‌ಗೆ ಕರೆದೊಯ್ದು ಹೊಳೆಯಲ್ಲಿ ಮುಳುಗಿಸಿದರು, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ಒಂದು ಗುಂಪು ಒಳಗೆ ಸೇರಿಸಿಕೊಂಡಿತು, ಇನ್ನೊಂದು ಒಪ್ಪಲಿಲ್ಲ. ಇದೆಲ್ಲ ಗಾಂಧಿಯವರ ಆತ್ಮಕತೆಯಲ್ಲೇ ಇದೆ. ಕೆಡುವುದಕ್ಕೆ ಜಾತಿ ಇದ್ದವರಿಗೆ ಅದನ್ನು ರಿಪೇರಿ ಮಾಡಿಸಿಕೊಳ್ಳುವ ದಾರಿಯೂ ಇತ್ತು ಅನ್ನುವುದನ್ನು ಇಲ್ಲಿ ಗಮನಿಸಬೇಕು. ಒಂದು ಮುಳುಗು, ಒಂದು ಊಟ.

ಇನ್ನೊಬ್ಬ ವಿದ್ಯಾರ್ಥಿ 1913ರಲ್ಲಿ ಹೊರಟ. ವಯಸ್ಸು 22. ಅದೇ ವರ್ಷದ ಫೆಬ್ರವರಿಯಲ್ಲಿ ತಂದೆ ತೀರಿಕೊಂಡಿದ್ದರು. ಮುಂಬಯಿ ಪರೇಲ್‌ನ ಚಾಳಿನಲ್ಲಿ ಹೆಂಡತಿ ರಮಾಬಾಯಿ, ಎಳೆಗೂಸು ಯಶವಂತ. ಬರೋಡಾದ ಸಯ್ಯಾಜಿರಾವ್ ಗಾಯಕವಾಡರು ಕೊಟ್ಟದ್ದು ತಿಂಗಳಿಗೆ 11.5 ಪೌಂಡು, 3 ವರ್ಷಕ್ಕೆ. ಓದು ಮುಗಿಸಿ 10 ವರ್ಷ ಸಂಸ್ಥಾನದಲ್ಲಿ ದುಡಿಯಬೇಕೆಂಬ ಕರಾರು. ಈತನ ಜಾತಿ ಕೆಡುತ್ತದೆ ಅಂತ ಯಾರೂ ಸಭೆ ಕರೆಯಲಿಲ್ಲ. ಕೆಡಲು ಅಲ್ಲಿ ಏನಿತ್ತು?

ನಮ್ಮ ಕೇರಿಯ ಗೋಡೆಗಳ ಮೇಲೆ, ಹಾಸ್ಟೆಲ್ ಕೋಣೆಗಳಲ್ಲಿ ನೀಲಿ ಕೋಟು ತೊಟ್ಟು ಪುಸ್ತಕ ಹಿಡಿದು ನಿಂತ ಬಾಬಾಸಾಹೇಬರ ಚಿತ್ರ ಇರುತ್ತದೆ. ಆ ಕೋಟು ಮೈಮೇಲೆ ಬರುವ ಮೊದಲು ಒಬ್ಬ ವಿದ್ಯಾರ್ಥಿ ದಿನಾ ಏನು ತಿಂದ, ಎಲ್ಲಿ ಮಲಗಿದ, ಯಾರಿಂದ ಸಾಲ ಎತ್ತಿದ ಅನ್ನುವುದನ್ನು ನಾವು ಕೇಳೋದು ಕಡಿಮೆ. ಅವರನ್ನು ಹುಟ್ಟು ಮೇಧಾವಿ ಅಂದುಬಿಟ್ಟರೆ ನಮ್ಮ ಹುಡುಗ-ಹುಡುಗಿಯರಿಗೆ ಅಲ್ಲಿಂದ ಕಲಿಯಲು ಏನೂ ಉಳಿಯುವುದಿಲ್ಲ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೊದಲು ಹಾರ್ಟ್‌ಲಿ ಹಾಲ್ ಎಂಬ ವಸತಿಗೃಹ. ಅಲ್ಲಿಯ ಊಟ ಹಿಡಿಸಲಿಲ್ಲ. ಆಮೇಲೆ ಕಾಸ್ಮಾಪಾಲಿಟನ್ ಕ್ಲಬ್, ಅಲ್ಲಿಂದ ಲಿವಿಂಗ್‌ಸ್ಟನ್ ಹಾಲ್. ಅಲ್ಲಿ ನವಲ್ ಭಟೇನಾ ಎಂಬ ಪಾರ್ಸಿ ಹುಡುಗ ಗೆಳೆಯನಾದ. ಆ ಗೆಳೆತನ ಸಾಯುವತನಕ ಉಳಿಯಿತು. ಇದು ಸಣ್ಣ ಸಂಗತಿ ಅಲ್ಲ. ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತು, ಜವಾನ ನೀರು ಹೊಯ್ದರೆ ಮಾತ್ರ ಕುಡಿದು ಬೆಳೆದವರು ಮೊದಲ ಬಾರಿಗೆ ಯಾರ ಅಪ್ಪಣೆಯೂ ಇಲ್ಲದೆ ಒಂದೇ ಮೇಜಿಗೆ ಕೂತು ಉಂಡರು. ಜಾತಿಯ ಕಾವಲಿಗೆ ದಿನಾ ಸವೆಯುತ್ತಿದ್ದ ಮನಸ್ಸು ಬಿಡುವಾಯಿತು. ಆ ಬಿಡುವನ್ನು ಅವರು ಹೇಗೆ ಖರ್ಚು ಮಾಡಿದರು ನೋಡಿ: ಅರ್ಥಶಾಸ್ತ್ರದಲ್ಲಿ 29 ಕೋರ್ಸು, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜ್ಯಶಾಸ್ತ್ರದಲ್ಲಿ 3. ಜೊತೆಗೆ ಫ್ರೆಂಚ್, ಜರ್ಮನ್ ಒಂದೊಂದು. ಹಳೇ ಪುಸ್ತಕದ ಅಂಗಡಿಗಳಲ್ಲಿ ಹೆಕ್ಕಿದ ಪುಸ್ತಕ ಸುಮಾರು 2,000 ಅಂತ ಧನಂಜಯ ಕೀರ್ ತಮ್ಮ ಜೀವನಚರಿತ್ರೆಯಲ್ಲಿ ಬರೆಯುತ್ತಾರೆ.

ಹಾಗಂತ ಅಮೆರಿಕ ಸಮಾನತೆಯ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಕೊಲಂಬಿಯಾದ ಪಕ್ಕದಲ್ಲೇ ಹಾರ್ಲೆಮ್. ಕರಿಯರು ಅಲ್ಲಿ ಬಂದು ನೆಲೆಯೂರುತ್ತಿದ್ದ ಕಾಲ ಅದು. ಆ ದೇಶದ ಬಿಳಿಯರ ಮೇಜಿಗೆ ಅವರಿಗೆ ಕರೆ ಇರಲಿಲ್ಲ. 1946ರಲ್ಲಿ ಅಂಬೇಡ್ಕರ್ ಕರಿಯರ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್‌ಗೆ ಕಾಗದ ಬರೆದು, ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಅಹವಾಲಿನ ಪ್ರತಿ ಕೇಳಿದರು. ಪರದೇಶ ಕೊಟ್ಟದ್ದು ದೂರ. ದೂರ ನಿಂತಾಗ ಊರಿನ ಕಟ್ಟು ಕಣ್ಣಿಗೆ ಕಂಡಿತು.

1916ರ ಮೇ 9ರಂದು ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಗೋಷ್ಠಿಯಲ್ಲಿ ಭಾರತದ ಜಾತಿಗಳ ಹುಟ್ಟು, ಬೆಳವಣಿಗೆ, ಅವು ಕೆಲಸ ಮಾಡುವ ಬಗೆ ಕುರಿತು ಅವರು ಪ್ರಬಂಧ ಓದಿದರು. ಒಳಮದುವೆಯೇ ಜಾತಿಯ ತಿರುಳು. ಸತಿ, ಕಡ್ಡಾಯ ವೈಧವ್ಯ, ಬಾಲ್ಯವಿವಾಹ ಇವೆಲ್ಲ ಆ ಕಟ್ಟನ್ನು ಕಾಯುವ ಉಪಾಯಗಳು ಎಂಬ ವಾದ. ಹೆಣ್ಣನ್ನು ಕಟ್ಟಿಹಾಕದೆ ಜಾತಿ ನಿಲ್ಲದು ಎಂದು 25 ವರ್ಷದ ವಿದ್ಯಾರ್ಥಿ ತೋರಿಸಿಕೊಟ್ಟ. ಅಲ್ಲಿಯತನಕ ಹೆಚ್ಚಾಗಿ ಜಾತಿ ಬಗ್ಗೆ ಬರೆಯುವವರು ಬೇರೆ, ಅನುಭವಿಸುವವರು ಬೇರೆ ಆಗಿದ್ದರು. ದಲಿತ ವಿಮರ್ಶೆ ಅಂತ ಇವತ್ತು ನಾವು ಕರೆಯೋದರ ಒಂದು ಬೇರು ಇಲ್ಲಿದೆ ಅಂತ ನನ್ನ ನಂಬಿಕೆ.

ಅಲ್ಲಿಂದ ಲಂಡನ್. ಗ್ರೇಸ್ ಇನ್‌ನಲ್ಲಿ ಕಾನೂನು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರ. 1917ಕ್ಕೆ ಬರೋಡಾದ ಹಣ ನಿಂತಿತು, ವಾಪಸು ಕರೆ ಬಂತು. ಮಹಾಯುದ್ಧದ ಕಾಲ. ಬೇರೆ ಹಡಗಿನಲ್ಲಿ ಕಳಿಸಿದ ಪುಸ್ತಕಗಳು ಟಾರ್ಪೆಡೊ ಏಟಿಗೆ ಸಮುದ್ರದ ಪಾಲಾದವು.

ಅವರು ಬರೋಡಾಕ್ಕೆ ಹೋದಾಗ ಆದದ್ದನ್ನು ಅವರೇ ‘ವೀಸಾಕ್ಕಾಗಿ ಕಾಯುತ್ತಾ’ ಎಂಬ ಬರಹದಲ್ಲಿ ಹೇಳಿದ್ದಾರೆ. ಐದು ವರ್ಷ ಹೊರಗಿದ್ದು ತಾನು ಅಸ್ಪೃಶ್ಯ ಅನ್ನುವುದೇ ಮನಸ್ಸಿನಿಂದ ಅಳಿಸಿಹೋಗಿತ್ತಂತೆ. ಸ್ಟೇಷನ್ನಿನಲ್ಲಿ ಇಳಿದಾಗ ಪ್ರಶ್ನೆ ಎದ್ದಿತು: ಎಲ್ಲಿ ಹೋಗೋದು? ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಗುಟ್ಟು ಬಯಲಾದ ದಿನ ದೊಣ್ಣೆ ಹಿಡಿದ ಗುಂಪು ಬಂದು ಸಂಜೆಯೊಳಗೆ ಖಾಲಿ ಮಾಡು ಅಂದಿತು. ಗೆಳೆಯರ ಮನೆಗಳಲ್ಲೂ ಜಾಗ ಸಿಗಲಿಲ್ಲ. ರಾತ್ರಿ ರೈಲು ಹತ್ತಿ ಮುಂಬಯಿಗೆ ಹಿಂತಿರುಗಿದರು. ಕೊಲಂಬಿಯಾದಲ್ಲಿ ಒಬ್ಬ ಪಾರ್ಸಿ ಪ್ರಾಣಸ್ನೇಹಿತ. ಬರೋಡಾದಲ್ಲಿ ಪಾರ್ಸಿಗಳ ದೊಣ್ಣೆ. ವ್ಯತ್ಯಾಸ ಮಾಡಿದ್ದು ಊರಿನ ಕಟ್ಟು.

ಈಗ ಎರಡು ಲೆಕ್ಕ ಕೂಡಿಸಿ. ಗಾಂಧಿಗೆ ನಾಸಿಕ್‌ನ ಹೊಳೆ ಜಾತಿಯನ್ನು ತೊಳೆದು ವಾಪಸು ಕೊಟ್ಟಿತು. ಅಂಬೇಡ್ಕರ್‌ಗೆ ಕೊಲಂಬಿಯಾದ ಓದು ಬರೋಡಾದಲ್ಲಿ ಒಂದು ಬಾಡಿಗೆ ಕೋಣೆ ಕೊಡಿಸಲಿಲ್ಲ. ಅದೇ ನಾಸಿಕ್‌ನಲ್ಲಿ 1930ರ ಮಾರ್ಚ್‌ನಲ್ಲಿ ಕಾಳಾರಾಮ ದೇವಸ್ಥಾನದ ಬಾಗಿಲಿಗೆ ಅವರು ಸತ್ಯಾಗ್ರಹ ಕಟ್ಟಬೇಕಾಯಿತು.

ಅವರು ಸುಮ್ಮನಾಗಲಿಲ್ಲ. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಕಾಸಿಗೆ ಕಾಸು ಕೂಡಿಟ್ಟರು. ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಭಟೇನಾ ಕೊಟ್ಟ ಸಾಲ ಸೇರಿಸಿ 1920ರಲ್ಲಿ ಮತ್ತೆ ಲಂಡನ್. ಬೆಳಗ್ಗೆ ಒಂದು ಚೂರು ಬ್ರೆಡ್ಡು, ಸ್ವಲ್ಪ ಮೀನು. ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯ ಬಾಗಿಲು ತೆಗೆಯುವಾಗ ಒಳಗೆ, ಹಾಕುವಾಗ ಹೊರಗೆ. ರಾತ್ರಿ ಹತ್ತಕ್ಕೆ ಹೊಟ್ಟೆ ಚುರುಗುಟ್ಟಿದರೆ ಯಾರೋ ಪರಿಚಿತರು ಕೊಟ್ಟ ಹಪ್ಪಳ ನಾಲ್ಕು ಸುಟ್ಟುಕೊಂಡು ತಿಂದು ಮತ್ತೆ ಓದು. ಮಲಗಬಾರದೇ ಅಂದ ಜೊತೆಗಾರನಿಗೆ, ದುಡ್ಡೂ ಇಲ್ಲ, ಹೊತ್ತೂ ಇಲ್ಲ ಎಂಬ ಅರ್ಥದ ಉತ್ತರ ಸಿಕ್ಕಿತೆಂದು ಕೀರ್ ದಾಖಲಿಸುತ್ತಾರೆ. 1921ರಲ್ಲಿ ಎಂ.ಎಸ್ಸಿ., 1922ರಲ್ಲಿ ಬ್ಯಾರಿಸ್ಟರಿ. ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧವನ್ನು ತಿದ್ದಿ ಬರೆಯಿರಿ ಅಂತ ಪರೀಕ್ಷಕರು ವಾಪಸು ಕಳಿಸಿದರು. ತಿದ್ದಿ ಕೊಟ್ಟು 1923ರಲ್ಲಿ ಡಿ.ಎಸ್ಸಿ. ಪಡೆದರು.

ಈ ಲೆಕ್ಕದಲ್ಲಿ ಇನ್ನೊಂದು ಹೆಸರು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಅವರು ಅಲ್ಲಿ ಹಪ್ಪಳ ಸುಡುವಾಗ ರಮಾಬಾಯಿ ಇಲ್ಲಿ ಒಲೆ ಹೊತ್ತಿಸುವುದಕ್ಕೇ ಹೆಣಗುತ್ತಿದ್ದರು. ಆ ದಂಪತಿಗಳು ನಾಲ್ಕು ಮಕ್ಕಳನ್ನು ಮಣ್ಣು ಮಾಡಿದವರು. 1935ರಲ್ಲಿ ಆಕೆ ತೀರಿಕೊಂಡರು. ಪಾಕಿಸ್ತಾನ ಕುರಿತ ತಮ್ಮ ಪುಸ್ತಕವನ್ನು ಬಾಬಾಸಾಹೇಬರು ಆಕೆಯ ನೆನಪಿಗೆ ಅರ್ಪಿಸಿದರು. ಆ ಪದವಿಗಳ ಅರ್ಧ ಫೀಸು ಪರೇಲ್‌ನ ಚಾಳಿನಿಂದ ಹೋಗಿದೆ ಅಂತ ನಾನು ಓದಿಕೊಳ್ಳುತ್ತೇನೆ.

ಇಷ್ಟನ್ನೂ ಇವತ್ತು ಯಾಕೆ ಹೇಳಬೇಕು? ದಲಿತ ವಿದ್ಯಾರ್ಥಿಗಳು ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರ 1954-55ರಲ್ಲಿ ಸಾಗರೋತ್ತರ ವಿದ್ಯಾರ್ಥಿವೇತನ ಶುರುಮಾಡಿತು. ನಮ್ಮ ಎಷ್ಟೋ ಮಕ್ಕಳಿಗೆ ಅದೊಂದೇ ದಾರಿ. 2022ರಲ್ಲಿ ಹೊರಟ ಅದರ ಮಾರ್ಗಸೂಚಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯಗಳಿಗೆ ಹಣವಿಲ್ಲ ಅಂದಿತು. ಇಂಥದ್ದನ್ನು ಇಲ್ಲೇ ಓದಬಹುದಲ್ಲ ಅನ್ನುವ ಸಮಜಾಯಿಷಿಯೂ ಬಂತು. ಹೋಗಿ, ಎಂಜಿನಿಯರಿಂಗ್ ಓದಿ, ಆದರೆ ದೂರ ನಿಂತು ನಮ್ಮನ್ನು ನೋಡಬೇಡಿ ಎಂದಂತಾಯಿತು ಇದು. ಜಾತಿಯನ್ನು ಓದಬೇಕಾದವರು ಜಾತಿಯ ಕಾವಲಲ್ಲೇ ಕೂತು ಓದಬೇಕಂತೆ! ಒಬ್ಬ ಸಂಸ್ಥಾನದ ಅರಸ ಹಾಕದ ಷರತ್ತನ್ನು ಬಾಬಾಸಾಹೇಬರ ಸಂವಿಧಾನದ ಮೇಲೆ ಕೂತ ಸರ್ಕಾರ ಹಾಕಿತು. ಅದನ್ನು ವಿರೋಧಿಸುವುದು ನಮ್ಮ ಸಂಘಟನೆಗಳ ಕೆಲಸ.

ಬರಹಗಾರರಿಗೂ ಒಂದು ಕೆಲಸ ಇದೆ. ಇವತ್ತು ಕಡಲಾಚೆ ಓದುತ್ತಿರುವ ನಮ್ಮ ಹುಡುಗ-ಹುಡುಗಿಯರು ತಮ್ಮ ದಿನದ ಲೆಕ್ಕ ಬರೆದಿಡಲಿ. ಬಾಡಿಗೆ ಎಷ್ಟು, ಅಡಿಗೆ ಏನು, ಯಾರು ಮೇಜಿಗೆ ಕರೆದರು, ಊರವರೇ ಆದವರು ಅಲ್ಲೂ ಅಡ್ಡಹೆಸರು ಕೇಳಿದರೇ, ಮನೆಯಲ್ಲಿ ಯಾರು ಒಲೆ ಹೊತ್ತಿಸುತ್ತಿದ್ದಾರೆ. ನಾಜೂಕು ಬೇಡ, ಇದ್ದದ್ದು ಇದ್ದಂಗೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಮುಂದಿನ ಹುಡುಗಿ ಅರ್ಜಿ ತುಂಬಲು ಕೂತಾಗ ಅವಳ ಕೈಗೆ ಸಿಗಬೇಕಾದದ್ದು ಆ ಲೆಕ್ಕ.