ಅಂಚೆಯಲ್ಲಿ ಸ್ಪರ್ಧಿಸಿದ ಕುದುರೆಗಳು

ಲಾಯವಿಲ್ಲ, ಹುಲ್ಲು-ಹುರುಳಿಯ ಖರ್ಚಿಲ್ಲ. ಆದರೂ ಕುದುರೆಗೆ ಬಹುಮಾನ! ಅಮೆರಿಕದ ಮಾದರಿ ಕುದುರೆಗಳ ಹವ್ಯಾಸಿಗಳಿಗೆ ಇದನ್ನು ಸಾಧ್ಯವಾಗಿಸಿದ್ದು ಕ್ಯಾಮೆರಾ ಮತ್ತು ಅಂಚೆ.

ಷಿಕಾಗೋದ ಬ್ರೇಯರ್ ಕಂಪೆನಿ 1950ರ ಸುಮಾರಿಗೆ ಗಡಿಯಾರವೊಂದರ ಅಲಂಕಾರಕ್ಕೆಂದು ಪ್ಲಾಸ್ಟಿಕ್ ಕುದುರೆ ತಯಾರಿಸಿತು. ಕ್ರಮೇಣ ಕುದುರೆಗೇ ಬೇಡಿಕೆ ಬಂತು. ದೂರದೂರದ ಸಂಗ್ರಾಹಕರು ಒಂದೆಡೆ ಸೇರುವುದು ಕಷ್ಟ. ಆದ್ದರಿಂದ ಕುದುರೆಯ ಫೋಟೋ ತೆಗೆದು, ಹಿಂಬದಿಯಲ್ಲಿ ಅದರ ಹೆಸರು, ತಳಿ ಬರೆದು ತೀರ್ಪುಗಾರರಿಗೆ ಅಂಚೆಯಲ್ಲಿ ಕಳಿಸುವ ‘ಫೋಟೋ ಪ್ರದರ್ಶನ’ ಬೆಳೆಯಿತು.

ಗೆಲುವು ನಿಂತಿರುವುದು ಅಳತೆಯ ಮೇಲೆ. ಕ್ಯಾಮೆರಾ ಕುದುರೆಯ ಕಣ್ಣಿನ ಮಟ್ಟಕ್ಕಿಳಿಯಬೇಕು. ಹಿನ್ನೆಲೆಯ ಮರಗಳು ದೂರವಿರಬೇಕು. ಗೊರಸಿನ ಬಳಿ ನಿಜವಾದ ಹುಲ್ಲಿನ ಎಸಳೊಂದು ಕಂಡರೆ ಸಾಕು, ಸುಮಾರು 9 ಅಂಗುಲದ ಕುದುರೆಯ ಗುಟ್ಟು ರಟ್ಟು!

ಡಿಜಿಟಲ್ ಕ್ಯಾಮೆರಾ, ಅಂತರಜಾಲ ಬಂದ ಮೇಲೆ ಲಕೋಟೆಯ ಅಗತ್ಯ ತಗ್ಗಿತು. ಆದರೆ ನಿಜವಾದ ಕುದುರೆ ಸಾಕಲಾರದವರೂ ಕಣಕ್ಕಿಳಿಯುವ ಅವಕಾಶ ಹಾಗೆಯೇ ಉಳಿದಿದೆ.